ಹೆಸರು ಕಾದ ಕೆಂಪು ಲೇಬಲ್

ನಾನು ಒಂದು ಲೇಬಲ್. ಅಂಗಿಯ ಕತ್ತಿಗೆ ಹೊಲಿಯುವ ಲೇಬಲ್ ಎಂದುಕೊಳ್ಳಬೇಡಿ. ಹಾಸನದ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದವನಾದರೂ ನೂಲಿನ ಸ್ಪರ್ಶವನ್ನೇ ನಾನರಿಯೆ. ಅಲ್ಲಿನ ಕೆಲಸಗಳನ್ನೆಲ್ಲ ಕಾರ್ಡುಗಳಾಗಿ ಜೋಡಿಸಿಡುವ ಕಂಪ್ಯೂಟರ್ ತಂತ್ರಾಂಶದೊಳಗೆ, ಸಿಬ್ಬಂದಿ ಅಧಿಕಾರಿ ತಾರಾಮಣಿಯವರ ಬೆರಳ ತುದಿಯಲ್ಲಿ ನನ್ನ ಜನನವಾಯಿತು. ಕೆಂಪು ಬಣ್ಣ ಕೊಟ್ಟು 'ಗೋಪ್ಯ' ಎಂದು ಹೆಸರಿಟ್ಟರು. ನನಗೊಬ್ಬ ಅಣ್ಣ, ಹಸಿರು ಬಣ್ಣದ 'ಸಾಮಾನ್ಯ'. ಅವನಿರುವ ಕಾರ್ಡನ್ನು ಯಾರು ಬೇಕಾದರೂ ನೋಡಬಹುದು. ನಾನಿರುವುದನ್ನು ಅನುಮತಿಯುಳ್ಳವರು ಮಾತ್ರ.

ಬಾಲ್ಯ ಸುಖವಾಗಿತ್ತು. ಹೊಸ ಅಂಗಿಗಳ ವಿನ್ಯಾಸವನ್ನು ಕಾದೆ, ಬಡ್ತಿಯ ಗುಟ್ಟುಗಳನ್ನು ಕಾದೆ. ಒಂದು ಮಧ್ಯಾಹ್ನ ತಾರಾಮಣಿ ಬಾಗಿಲು ಮುಚ್ಚಿ ಹೊಸ ಕಾರ್ಡೊಂದನ್ನು ತೆರೆದರು. ಎದುರಿಗೆ ಹೊಲಿಗೆ ಸಾಲಿನ ಹೆಣ್ಣುಮಗಳೊಬ್ಬಳು ಸೆರಗಿನ ತುದಿ ಹಿಂಡುತ್ತ ಕುಳಿತಿದ್ದಳು. ಮೇಲ್ವಿಚಾರಕನ ಕಿರುಕುಳದ ಮೇಲೆ ಆಕೆ ದೂರು ಕೊಟ್ಟಿದ್ದಳು.

"ನನ್ ಹೆಸ್ರು ಲೈನಲ್ಲಿ ಗೊತ್ತಾದ್ರೆ ನಾನು ಇಲ್ಲಿ ತಲೆ ಎತ್ಕೊಂಡ್ ಓಡಾಡಕ್ಕಾಗಲ್ಲ ಮೇಡಮ್. ಮನೇಲೂ ಕೆಲ್ಸ ಬಿಡುಸ್ಬಿಡ್ತಾರೆ."

"ಗೊತ್ತಾಗಲ್ಲ ಕಣಮ್ಮ. ನಾನಿದೀನಲ್ಲ." ತಾರಾಮಣಿ ನನ್ನನ್ನು ಆ ಕಾರ್ಡಿನ ಮೇಲೆ ಒತ್ತಿದರು. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಆಪತ್ತು ಬಂದದ್ದು ವ್ಯಾನಿನ ನೆಪದಲ್ಲಿ. ವಿಚಾರಣೆಗೆ ದೂರು ಸಮಿತಿಯ ಹೊರಗಿನ ಸದಸ್ಯೆಯೊಬ್ಬರನ್ನು ಕರೆತರಬೇಕಿತ್ತು. ವ್ಯಾನ್ ಗೊತ್ತುಮಾಡುವ ಅವಸರದಲ್ಲಿ ತಾರಾಮಣಿಯವರೇ ನನ್ನ ಕಾರ್ಡನ್ನು, ವಾಹನಗಳ ಸರದಿಯೂ ನಿಗದಿಯಾಗುವ, ಇಡೀ ಕಾರ್ಖಾನೆಯ ಕಾರ್ಡುಗಳು ಸಾಲಾಗಿ ಕಾಣುವ ಯೋಜನಾ ಫಲಕಕ್ಕೆ ಸೇರಿಸಿದರು. ಫಲಕದ ಮೇಲಿದ್ದವನು ಅಣ್ಣ. ಕಾರ್ಡಿನ ಮೇಲಿದ್ದವನು ನಾನು. ತಂತ್ರಾಂಶ ಗೊಂದಲಕ್ಕೆ ಬಿದ್ದು ಎಚ್ಚರಿಕೆಯ ಗುರುತು ಹಚ್ಚಿತು: 'ಲೇಬಲ್‌ಗಳು ಹೊಂದುತ್ತಿಲ್ಲ. ಯಾವುದನ್ನು ಉಳಿಸಬೇಕು?' ಉತ್ತರ ಬರುವವರೆಗೆ ಕಾರ್ಡು ಮುಚ್ಚಿಯೇ ಇರುತ್ತದೆ. ಆದರೆ ಉತ್ತರಿಸುವ ಹಕ್ಕು ಫಲಕದ ಒಡೆಯ, ಯೋಜನಾ ವ್ಯವಸ್ಥಾಪಕ ನಂಜೇಶರದು. ಅವರಿಗೆ ಕಾಣುತ್ತಿದ್ದುದು ಎಚ್ಚರಿಕೆ ಮಾತ್ರ, ಒಳಗಿನ ಹೆಸರಲ್ಲ.

ಆಯುಧಪೂಜೆಯ ದಿನ ಬಂತು. ಹೊಲಿಗೆ ಯಂತ್ರಗಳು ಮಿಂದು ಕುಂಕುಮ ಇಟ್ಟುಕೊಂಡವು. ಮಂಗಳಾರತಿಯಾದ ಕೂಡಲೇ ದೊಡ್ಡ ಪರದೆಯ ಮೇಲೆ ಫಲಕವನ್ನು ಎಲ್ಲರಿಗೂ ತೋರಿಸುವುದು ಅಲ್ಲಿಯ ವಾಡಿಕೆ.

"ಮಿಷನ್ ತೊಳೆದ್ರೆ ಸಾಕೇನ್ರೀ? ಫಲಕದ ಕಸಾನೂ ಗುಡಿಸ್ಬೇಕು," ಎನ್ನುತ್ತ ನಂಜೇಶರು ಎಚ್ಚರಿಕೆಗಳನ್ನೆಲ್ಲ ಒಟ್ಟಿಗೆ ಆರಿಸಿ, 'ಫಲಕದ ಲೇಬಲನ್ನೇ ಉಳಿಸಿ' ಎಂಬುದನ್ನು ಒತ್ತಿದರು. ಗೋಪ್ಯತೆ ತೆಗೆಯಲು ಕಾರಣವೇನೆಂದು ತಂತ್ರಾಂಶ ಕೇಳಿತು. 'ಆಯುಧಪೂಜೆ' ಎಂದು ಬರೆದು, ಕುಂಬಳಕಾಯಿ ಒಡೆಯಲು ಹೊರಗೆ ನಡೆದರು.

ನಾನು ಕಳಚಿಬಿದ್ದೆ. ಆಕೆಯ ಹೆಸರು ಬೆಳಕಿಗೆ ಬಂದು ನಿಂತಿತು.

ಕಂಪ್ಯೂಟರಿಗೆ ಕುಂಕುಮವಿಡಲು ತಾರಾಮಣಿ ಬಂದದ್ದು ಆಗಲೇ. ಫಲಕದಲ್ಲೆಲ್ಲೂ ಕೆಂಪಿಲ್ಲದೆ ಬರಿಯ ಹಸಿರೇ ಕಂಡು, ಕುಂಕುಮದ ಬಟ್ಟಲನ್ನು ಬದಿಗಿಟ್ಟು ಕುರ್ಚಿ ಎಳೆದುಕೊಂಡರು. ಹೊರಗೆ ಮಂಗಳಾರತಿಯ ಗಂಟೆ ಮೊಳಗುತ್ತಿತ್ತು. ಕಾರ್ಡುಗಳ ರಾಶಿಯಲ್ಲಿ ಒಂದನ್ನು ಹುಡುಕಲು ವೇಳೆಯೆಲ್ಲಿ? ಗಂಟೆ ನಿಂತಿತು. ಪರದೆ ಬೆಳಗತೊಡಗಿತು. ಲೇಬಲ್ ಹುಟ್ಟಿಸಿದವರಿಗೆ ಉಳಿದಿದ್ದ ಒಂದೇ ಅಧಿಕಾರವನ್ನು ಅವರು ಬಳಸಿದರು: ಕುಂಕುಮದ ಬೆರಳಿನಿಂದಲೇ ನನ್ನನ್ನೆತ್ತಿ ಇಡೀ ಫಲಕದ ಮೇಲೆ ಹೊದಿಸಿದರು.

ಪರದೆ ಕಪ್ಪಾಯಿತು. 'ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ.'

"ನಂಜೇಶ್ ಸಾರ್‌ಗೂ ಪರ್ಮಿಷನ್ ಇಲ್ವಂತೆ ಕಣೇ!" ಎಂದು ಯಾರೋ ಕೂಗಿದರು. ಕಾರ್ಖಾನೆಯೆಲ್ಲ ಘೊಳ್ಳೆಂದಿತು.

ನಂಜೇಶರು ಕೆಂಡವಾಗಿ ಒಳನುಗ್ಗಿದರು. "ಹಬ್ಬದ್ ದಿನ ಎಲ್ಲರ ಮುಂದೆ ಮಾನ ಕಳೆದ್ರಲ್ಲ ಮೇಡಮ್! ಯಾಕ್ ಹಿಂಗ್ ಮಾಡಿದ್ರಿ?"

ಕಾರಣ ಹೇಳಿದರೆ ಕಾಪಾಡಿದ್ದೇ ವ್ಯರ್ಥ. ತಾರಾಮಣಿ ತಲೆ ತಗ್ಗಿಸಿದರು. "ಕೈತಪ್ಪಾಯ್ತು ಸಾರ್."

"ಕೈ ನೆಟ್ಟಗಿಲ್ದೋರು ಕಂಪ್ಯೂಟರ್ ಯಾಕ್ ಮುಟ್ತೀರ?"

ಕಿಟಕಿಯಾಚೆ, ಅಂಗೈ ತುಂಬ ಮಂಡಕ್ಕಿ ಹಿಡಿದು ನಿಂತ ಹೆಂಗಸರ ನಡುವೆ ಆಕೆಯೂ ಎಲ್ಲರಂತೆ ನಗುತ್ತಿದ್ದಳು. ಪರದೆ ಏಕೆ ಕಪ್ಪಾಯಿತೆಂದು ಅವಳಿಗೆ ತಿಳಿದಿರಲಿಲ್ಲ. ತಾರಾಮಣಿ ಆ ನಗುವನ್ನೇ ನೋಡುತ್ತ, ಮುಂದೆ ಬಂದ ಬೈಗುಳವನ್ನೂ ಕೇಳಿಸಿಕೊಂಡರು.

ಅಂದೇ ತಾರಾಮಣಿ ಆ ಕಾರ್ಡನ್ನು ಫಲಕದಿಂದ ತೆಗೆದು ನನ್ನನ್ನು ಮತ್ತೆ ಅದಕ್ಕೇ ಅಂಟಿಸಿದರು. ವಿಚಾರಣೆ ನಡೆಯಿತು, ಮೇಲ್ವಿಚಾರಕ ಗೇಟಿನಾಚೆ ಹೋದ. ಮುಗಿದ ಕಾರ್ಡಿನೊಂದಿಗೆ ನಾನೂ ಹಳೆಯ ಕಡತಗಳ ಕತ್ತಲೆಗೆ ಸೇರಿದೆ. ಇಲ್ಲಿ ಯಾರೂ ಸುಳಿಯುವುದಿಲ್ಲ. ಆದರೂ ಪ್ರತಿ ಆಯುಧಪೂಜೆಯಲ್ಲಿ, ಮತ್ತೆ ಯಾರಾದರೂ ಗುಡಿಸಲು ಹೊರಟಾರೆಂದು ಹೆದರಿ ಕಾರ್ಡಿಗೆ ಇನ್ನಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತೇನೆ.

ಇಷ್ಟೆಲ್ಲ ಹೇಳಿದೆ. ತಾರಾಮಣಿಯವರ ಹೆಸರು ತಿಳಿಯಿತು, ನಂಜೇಶರದೂ ತಿಳಿಯಿತು. ಆಕೆಯದನ್ನು ಮಾತ್ರ ಕೇಳಬೇಡಿ. ನನ್ನ ಕೆಲಸ ಇನ್ನೂ ಮುಗಿದಿಲ್ಲ.