ಆಮೆಯ ದಾರಿಗೆ ಮೂರು ಕುರ್ಚಿ

ಮಧ್ಯಾಹ್ನ ಹನ್ನೆರಡೂವರೆಗೆ ಫೋನು ಗುರ್ರೆಂದಿತು. ನೋಡದೆಯೂ ಗೊತ್ತಿತ್ತು. "ನ್ಯಾವಿಗೇಷನ್ ಸೆನ್ಸರ್ ದೋಷ. ಸ್ವಚ್ಛತೆ ನಿಲ್ಲಿಸಲಾಗಿದೆ." ಇವತ್ತಿಗೆ ಒಂಬತ್ತನೆಯ ದಿನ. ಎದುರಿಗೆ ಗಿರಾಕಿಯೊಬ್ಬರು ಕಣ್ಣು ಪರೀಕ್ಷೆಯ ಯಂತ್ರದ ಮೇಲೆ ಗಲ್ಲವಿಟ್ಟು ಕೂತಿದ್ದರು. ಅವರಿಲ್ಲದಿದ್ದರೆ ಫೋನನ್ನು ಗೋಡೆಗೆ ಬೀಸಿರುತ್ತಿದ್ದೆ.

ನನ್ನದು ಕನ್ನಡಕದ ಅಂಗಡಿ. ಕಸ ಗುಡಿಸುವ ರೋಬೋ ತಂದದ್ದು ಶೋಕಿಗಲ್ಲ, ಅಪ್ಪನಿಗಾಗಿ. ಮೂವತ್ತೆರಡು ವರ್ಷ ಬಸ್ಸು ಓಡಿಸಿ ಒಂದು ಗೀರನ್ನೂ ಬೀಳಿಸದವರು, ಮೂರು ತಿಂಗಳ ಹಿಂದೆ ಮನೆಯ ಹಾಲ್‌ನಲ್ಲಿ ಪೊರಕೆ ಹಿಡಿದಿದ್ದಾಗಲೇ ಬಿದ್ದು ಸೊಂಟದ ಮೂಳೆ ಬಿರುಕು ಬಿಡಿಸಿಕೊಂಡರು. "ಇನ್ನೊಂದು ಸಲ ಬಿದ್ರೆ ಹಾಸಿಗೇನೇ ಗತಿ" ಎಂದರು ಡಾಕ್ಟರು. ನಾನೂ, ಗಣಿತದ ಮೇಡಂ ಆಗಿರುವ ನನ್ನ ಹೆಂಡತಿಯೂ ಎಂಟಕ್ಕೆ ಮನೆ ಬಿಟ್ಟರೆ ಮತ್ತೆ ಸಂಜೆಯೇ. ಅಂಗಾಲಿಗೆ ಒಂದು ಮರಳಿನ ಕಾಳು ಹತ್ತಿದರೂ ಅಪ್ಪ ಪೊರಕೆ ಹುಡುಕುತ್ತಾರೆ. ಪೊರಕೆಯನ್ನು ಅಟ್ಟಕ್ಕೇರಿಸಿ ಯಂತ್ರವನ್ನು ಇಳಿಸಿದೆ. ಊಟದ ತಟ್ಟೆಯಷ್ಟಗಲ, ನೆತ್ತಿಯ ಮೇಲೆ ಗಿರಗಿರ ತಿರುಗುವ ಪುಟ್ಟ ಬಿಲ್ಲೆ. ಅದೇ ಅದರ ಕಣ್ಣು. ಅಪ್ಪ ಅದಕ್ಕೆ ಆಮೆ ಎಂದು ಹೆಸರಿಟ್ಟರು.

ಕಣ್ಣಿನ ದೋಷ ತಾನೆ, ನನಗೇನು ಹೊಸದೇ ಎಂದುಕೊಂಡೆ. ಅಂಗಡಿಯ ಲೆನ್ಸ್ ಒರೆಸುವ ಬಟ್ಟೆಯಿಂದ ಬಿಲ್ಲೆಯನ್ನು ಒರೆಸಿದೆ. ಸೂಜಿ ಹಾಕಿ ಅದರಡಿಯ ಕೂದಲು ತೆಗೆದೆ. ಬಿಸಿಲು ಬೀಳುತ್ತದೇನೋ ಎಂದು ಪರದೆ ಎಳೆದೆ, ಹೊಳಪು ಕಾಡುತ್ತದೇನೋ ಎಂದು ಗೋಡೆಯ ಕನ್ನಡಿಗೆ ದುಪ್ಪಟಿ ಹೊದಿಸಿದೆ. ಮನೆಯ ನಕ್ಷೆಯನ್ನು ಮೂರು ಸಲ ಅಳಿಸಿ ಹೊಸದಾಗಿ ಬರೆಸಿದೆ. ಸಂಜೆ ನನ್ನೆದುರು ಆಮೆ ಸಾಹೇಬರ ಮುಂದಿನ ಗುಮಾಸ್ತನಂತೆ ಮೂಲೆಮೂಲೆಯನ್ನೂ ಗುಡಿಸುತ್ತಿತ್ತು. ನಾನು ಬೆನ್ನು ತಿರುಗಿಸಿದರೆ ಮುಗಿಯಿತು, ಮರುದಿನ ಮಧ್ಯಾಹ್ನ ಮತ್ತೆ ಅದೇ ರಾಗ, ಅದೇ ಹಾಡು.

"ಅದಕ್ಕೂ ಒಂದು ಕನ್ನಡಕ ಮಾಡ್ಕೊಟ್ಬಿಡಿ" ಎಂದಳು ಹೆಂಡತಿ.

"ದಾರಿ ಗೊತ್ತಿಲ್ಲದ ಡ್ರೈವರ್ ಕಣೋ ಅದು, ಪಾಪ. ಬೈಬೇಡ" ಎಂದರು ಅಪ್ಪ. ನನಗೆ ಮೈಯೆಲ್ಲ ಉರಿಯಿತು.

ಆ ಒಂಬತ್ತನೆಯ ದಿನ, ಗಿರಾಕಿ ಹೋದ ಮೇಲೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ.

"ಸರ್, ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?"

"ತಾಯೀ, ಆಫ್ ಮಾಡಿ ಆನ್ ಮಾಡಿ ನನ್ನ ಬೆರಳೇ ಸವೆದಿದೆ. ಬೇರೆ ಏನಾದ್ರೂ ಹೇಳಮ್ಮ."

ಆ ಹುಡುಗಿ ಪುಣ್ಯಾತ್ಗಿತ್ತಿ, ಬೇಸರಿಸಲಿಲ್ಲ. "ಹಾಗಿದ್ರೆ ಅದು ನಿಂತಾಗ ಬರೆದ ನಕ್ಷೆ ನೋಡಿ ಸರ್, ಫೋನಲ್ಲೇ ಇರುತ್ತೆ" ಎಂದಳು.

ನೋಡಿದೆ. ಖಾಲಿಯಿರಬೇಕಾದ ಹಾಲ್‌ನ ನಡುವೆ ನಾಲ್ಕು ಚುಕ್ಕೆ, ಚೌಕಾಕಾರವಾಗಿ. ಸ್ವಲ್ಪ ಆಚೆ ಮತ್ತೆ ನಾಲ್ಕು. ಅದರಾಚೆ ಇನ್ನೂ ನಾಲ್ಕು. ಅಪ್ಪನ ಕೋಣೆಯ ಬಾಗಿಲಿನಿಂದ ಊಟದ ಮೇಜಿನವರೆಗೆ, ಅಲ್ಲೇ ಪಕ್ಕದ ಬಚ್ಚಲ ಬಾಗಿಲಿನವರೆಗೆ, ಅಳೆದಿಟ್ಟ ಹಾಗೆ. ಅವು ಕುರ್ಚಿಯ ಕಾಲುಗಳು! ಹಳೆಯ ನಕ್ಷೆಯಲ್ಲಿ ಇಲ್ಲದ್ದೆಲ್ಲ ಎದುರಾಗಿ ಆಮೆ ದಿಕ್ಕು ತಪ್ಪಿ ನಿಲ್ಲುತ್ತಿತ್ತು. ಆದರೆ ನಾವು ಮನೆಗೆ ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಮೇಜಿನಡಿ ಸಾಧುಗಳಂತೆ ಕೂತಿರುತ್ತಿದ್ದವು.

ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಯಂತ್ರ ಕೆಟ್ಟರೆ ಪೊರಕೆ ಕೆಳಗಿಳಿಯುತ್ತದೆ, ಅಷ್ಟೇ ತಾನೆ ಅಪ್ಪನ ಲೆಕ್ಕ! ಸಂಜೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ.

"ಹಾಲ್ ಮಧ್ಯೆ ಕುರ್ಚಿ ಯಾಕಪ್ಪಾ ಇಡ್ತೀರಿ?"

"ಕೂತ್ಕೊಳ್ಳೋಕೆ."

"ಹತ್ತು ಹೆಜ್ಜೆಗೆ ಮೂರು ಕುರ್ಚೀನಾ?"

"ಬಸ್ಸು ಅಂದ್ಮೇಲೆ ಸ್ಟಾಪ್ ಬೇಡ್ವೇನೋ?"

ಹೆಂಡತಿ ನಕ್ಕಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅಷ್ಟು ಕಷ್ಟಪಟ್ಟು ದಿನಾ ಎಳೆದು, ದಿನಾ ವಾಪಸ್ ಇಡ್ತಾರೆ ಅಂದ್ರೆ ಯಾಕೆ ಅಂತ ಸಮಾಧಾನವಾಗಿ ಕೇಳಿ" ಎಂದಳು.

"ಕೇಳೋದೇನಿದೆ? ಮೊಂಡುತನ" ಎಂದೆ.

ನೈಲಾನ್ ಹಗ್ಗ ತಂದು ಮೂರೂ ಕುರ್ಚಿಗಳನ್ನು ಮೇಜಿನ ಕಾಲಿಗೆ ಬಿಗಿದೆ. ಒಂದರ ಮೇಲೊಂದು ಗಂಟು ಹಾಕಿದೆ. ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಮರುದಿನ ಹನ್ನೆರಡೂವರೆಗೆ ಫೋನು ಗುರ್ರೆಂದಿತು. "ಸ್ವಚ್ಛತೆ ಪೂರ್ಣಗೊಂಡಿದೆ." ಅಂಗಡಿಯಲ್ಲಿ ಕುಣಿಯುವುದೊಂದು ಬಾಕಿ. ಆ ಹಿಗ್ಗಿನಲ್ಲೇ ಬಾಗಿಲೆಳೆದು, ಎಂದೂ ಇಲ್ಲದವನು ಮನೆಗೆ ಊಟಕ್ಕೆ ಹೋದೆ.

ನೆಲ ಥಳಥಳ ಎನ್ನುತ್ತಿತ್ತು. ಆಮೆ ತನ್ನ ಗೂಡಿನಲ್ಲಿ ಮಲಗಿತ್ತು. ಮೇಜಿನ ಮೇಲೆ ಹೆಂಡತಿ ಮುಚ್ಚಿಟ್ಟು ಹೋದ ಊಟ ಹಾಗೇ ಇತ್ತು. ಅಪ್ಪ ತಮ್ಮ ಕೋಣೆಯಲ್ಲಿ ಮಂಚದ ಅಂಚಿಗೆ ಕೂತಿದ್ದರು.

"ಊಟ ಯಾಕೆ ಮಾಡಿಲ್ಲ?"

"ಊಟ ಇರಲಿ. ಬಚ್ಚಲಿಗೆ ಹೋಗ್ಬೇಕು ಕಣೋ. ನೀವು ಹೋದಾಗಿನಿಂದ ತಡ್ಕೊಂಡಿದ್ದೀನಿ."

ನನಗೆ ಅರ್ಥವಾಗಲಿಲ್ಲ. ಅಪ್ಪ ಎದ್ದು ಗೋಡೆ ಹಿಡಿದು ಬಾಗಿಲಿಗೆ ಬಂದರು. ಹೊಸ್ತಿಲ ಬಳಿ ಅವರ ಬಲಗೈ ಮುಂದೆ ಚಾಚಿತು, ಸೊಂಟದೆತ್ತರಕ್ಕೆ, ಕುರ್ಚಿಯ ಬೆನ್ನು ಇರುವ ಎತ್ತರಕ್ಕೆ. ಬೆರಳುಗಳು ಗಾಳಿಯಲ್ಲಿ ತಡಕಾಡಿದವು. ಏನೂ ಸಿಗದೆ ಕೈ ಅಲ್ಲೇ ನಿಂತಿತು, ಕಾಲೂ ನಿಂತಿತು. ಆ ಕೈಯನ್ನು ನಾನು ಬಲ್ಲೆ. ದಪ್ಪ ಗಾಜಿನ ಕನ್ನಡಕ ತೆಗೆದಿಟ್ಟ ಗಿರಾಕಿಗಳು ಅದು ಎಲ್ಲಿದೆ ಎಂದು ಗಲ್ಲಾಪೆಟ್ಟಿಗೆಯ ಮೇಲೆ ತಡಕುವ ಕೈ ಅದು.

ಓಡಿಹೋಗಿ ತೋಳು ಹಿಡಿದುಕೊಂಡೆ. ಬಚ್ಚಲಿಗೆ ಕರೆದೊಯ್ದು, ಹೊರಗೆ ಕಾದು, ಮತ್ತೆ ಕರೆತಂದು ಮೇಜಿನ ಮುಂದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದೆ.

"ಆರು ತಿಂಗಳ ಹಿಂದೆ ಅಂಗಡಿಯ ಅಕ್ಷರದ ಬೋರ್ಡನ್ನ ಕೊನೇ ಸಾಲಿನವರೆಗೂ ಓದಿದ್ರಲ್ಲಪ್ಪಾ! ಒಂದಕ್ಷರ ತಪ್ಪಿರಲಿಲ್ಲ!"

"ದಿನಾ ಸಂಜೆ ನಿನ್ನ ಅಂಗಡೀಲಿ ಬಂದು ಕೂರ್ತಿದ್ದೆನಲ್ಲೋ. ಜನ ಓದೋದು ಕೇಳಿ ಕೇಳಿ ಬಾಯಿಪಾಠ ಆಗಿತ್ತು. ನೀನು ಬೋರ್ಡು ಬದಲಾಯಿಸೋದೇ ಇಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಡ್ರೈವರ್ ಆಗಿದ್ದೋನು ಕಣ್ಣು ಹೋಯ್ತು ಅಂತ ಯಾವ ಬಾಯಲ್ಲಿ ಹೇಳೋದು?" ಅಪ್ಪ ತಟ್ಟೆಯ ಅಂಚನ್ನು ಸವರಿದರು. "ನಡುವೆ ಎಲ್ಲಾ ಕಪ್ಪು. ಸುತ್ತ ಅಂಚು ಕಾಣುತ್ತೆ. ನೀನು ಎದುರು ಬಂದ್ರೆ ಕಿವಿ ಇದೆ, ಮುಖ ಇಲ್ಲ."

ಊರವರ ಕಣ್ಣನ್ನೆಲ್ಲ ನೋಡುವವನು ನಾನು. ಅಪ್ಪ ಪೊರಕೆಯಿಂದಾಗಿ ಬಿದ್ದರೆಂದು ಪೊರಕೆಯನ್ನು ಅಡಗಿಸಿದೆ. ಬೀಳದಿರಲೆಂದು ಅವರೇ ಕಂಡುಕೊಂಡಿದ್ದ ಆಸರೆಯನ್ನೂ ನನ್ನ ಕೈಯಾರೆ ಕಟ್ಟಿಹಾಕಿದೆ. ಒಂಬತ್ತು ದಿನ ಒಂದು ಯಂತ್ರದ ಕಣ್ಣು ಒರೆಸುತ್ತ ಕೂತಿದ್ದೆನಲ್ಲ, ನಾಚಿಕೆಯಿಂದ ನೆಲ ನೋಡಿದೆ. ಆದರೂ ಕಸುಬಿನ ಚಾಳಿ ಬಿಡಲಿಲ್ಲ. ಅವರ ಮುಖದ ಮುಂದೆ ಕೈಯೆತ್ತಿದೆ.

"ಇದೆಷ್ಟು ಬೆರಳಪ್ಪಾ?"

"ಬೆರಳು ಆಮೇಲೆ ಎಣಿಸೋಣ. ಮೊದಲು ಕುರ್ಚಿ ಬಿಚ್ಚು."

ಗಂಟುಗಳು ಬಿಚ್ಚಲು ಬರಲಿಲ್ಲ. ಅಷ್ಟು ಬಿಗಿದಿದ್ದೆ. ಅಡುಗೆಮನೆಯಿಂದ ಚಾಕು ತಂದು ಹಗ್ಗ ಕೊಯ್ದೆ. ಒಂದೊಂದಾಗಿ ಕುರ್ಚಿ ಎಳೆದು ಇಡುತ್ತ ಹೋದೆ. ಅಪ್ಪ ಕೂತಲ್ಲಿಂದಲೇ ಕಿವಿಗೊಟ್ಟು ಕೇಳುತ್ತಿದ್ದರು.

"ಮೂರನೇದು ಇನ್ನೊಂದು ಗೇಣು ಈಚೆ. ಅಲ್ಲಿ ನನ್ನ ಕೈ ಎಟುಕಲ್ಲ."

ನಾನು ಅದನ್ನು ಒಂದು ಗೇಣು ಈಚೆ ಎಳೆದೆ.