ಏಡನ್ನಿನ ಪುಟದಲ್ಲಿ ಇಲ್ಲದ ಸಾವು

ನನ್ನ ಭಾವ ನಿಝಾಮುದ್ದೀನ್ ತೀರಿಕೊಂಡ ಸುದ್ದಿ ಪಾಣೆಮಂಗಳೂರಿಗೆ ತಲುಪಿದ್ದು ಎರಡು ಸಾವಿರದ ಆರನೇ ಇಸವಿಯ ಒಂದು ಶುಕ್ರವಾರ. ಅಷ್ಟರಲ್ಲಿ ಅವನು ತೀರಿ ಮೂವತ್ತು ವರ್ಷದ ಹತ್ತಿರವಾಗಿತ್ತು. ನಾನು ಜುಮಾ ಮುಗಿಸಿ ಬಂದು ಬಟ್ಟೆ ಅಂಗಡಿಯ ಬಾಗಿಲು ತೆರೆಯುತ್ತಿದ್ದೆ. ಬೆಳ್ತಂಗಡಿಯ ಝುಬೈರ್ ಎಂಬ ಮುದುಕ ಬಂದು ಒಳಗೆ ಕೂತ. ಮೊದಲು ಅವನು ಆಡಿದ ಮಾತು, "ಬಾಗಿಲು ಸ್ವಲ್ಪ ಎಳೀರಿ ಹಾಜಿಯವರೇ."

ಭಾವ ಅರಬ್ ಕರಾವಳಿಯ ಏಡನ್ನಿನಲ್ಲಿ ಚಹಾಪುಡಿಯ ಅಂಗಡಿ ಇಟ್ಟಿದ್ದ. ಅಲ್ಲಿ ಕಮ್ಯುನಿಸ್ಟರ ಆಡಳಿತ ಬಂದಿತ್ತು. ಒಂದು ದಿನ ಅವರ ಮಸೀದಿಯಲ್ಲಿ ಬಾಂಗ್ ಕೊಡುವವರು ಕಾಣೆಯಾದರು. ಅವರನ್ನು ಎಲ್ಲಿಗೆ ಕೊಂಡುಹೋದಿರಿ ಎಂದು ಭಾವ ಸರಕಾರದವರನ್ನು ಹತ್ತು ಜನರ ಎದುರು ಕೇಳಿದ. ಮಾರನೆಯ ದಿನ ಅವನನ್ನೂ ಕೊಂಡುಹೋದರು. ಝುಬೈರ್ ಬೇರೆ ಯಾವುದೋ ಕಾರಣಕ್ಕೆ ಅದೇ ಜೈಲಿನಲ್ಲಿದ್ದ. ಬಿಡುಗಡೆಯಾದ ಮೇಲೆ ದುಬೈಯಲ್ಲಿ ದುಡಿದು, ಬಾಯಿ ಮುಚ್ಚಿಕೊಂಡು ಬಾಳಿ, ಈಗ ಮುದುಕನಾಗಿ ಊರಿಗೆ ಬಂದಿದ್ದ.

"ಅವ ಒಳಗೇ ತೀರಿಹೋದ," ಎಂದ. ಹೇಳುವಾಗ ರಸ್ತೆಯ ಕಡೆಗೇ ನೋಡುತ್ತಿದ್ದ.

ಅವನ ಹೆಂಡತಿ, ನನ್ನ ತಂಗಿ ಬೀಯಮ್ಮ, ಅಷ್ಟೂ ವರ್ಷ ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ ಎಂಬಂತೆ ಬದುಕಿದ್ದಳು. ಗಂಡ ತೀರಿದ ಮೇಲೆ ಹೆಂಗಸರು ಕೂರುವ ಇದ್ದತ್ ಕೂತಿರಲಿಲ್ಲ. ಗಂಡನಿಗಾಗಿ ಮಯ್ಯತ್ ನಮಾಝೂ ಆಗಿರಲಿಲ್ಲ. ದೂರದೇಶದಲ್ಲಿ ತೀರಿದವರಿಗೆ, ಶವ ಎದುರಿಗಿಲ್ಲದಿದ್ದರೂ, ಆ ನಮಾಝ್ ಮಾಡುವುದು ನಮ್ಮಲ್ಲಿ ಉಂಟು. ಆದರೆ ಸಾವು ಖಚಿತವಾಗಬೇಕು. ನಮ್ಮ ಮಸೀದಿಯ ಖತೀಬರಾದ ಅಬ್ದುಲ್ ಸಮದ್ ಮುಸ್ಲಿಯಾರರು ಹೇಳಿದರು, "ಕಂಡವನು ನನ್ನ ಕಿವಿಗೆ ಹೇಳಲಿ. ಮಗ ಒಪ್ಪಲಿ. ಆಮೇಲೆ ಮಾಡುವ."

ಮಗ ಉನೈಸ್ ಒಪ್ಪಲಿಲ್ಲ. ಅವನು ಮೂಡಬಿದ್ರೆಯ ಒಂದು ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ. ತಂದೆಯ ಮುಖ ನೋಡಿದವನಲ್ಲ. ನನ್ನನ್ನು ಪೇಟೆಯ ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಆ ದೇಶದ ಪುಟ ತೆರೆದ. ಇಂಗ್ಲಿಷಿನಲ್ಲಿದ್ದುದನ್ನು ಓದಿ ಹೇಳಿದ. ಶಾಲೆಗಳು ಎಷ್ಟು ಹೆಚ್ಚಿದವು, ಹೆಂಗಸರಿಗೆ ಯಾವ ಹಕ್ಕು ಬಂತು, ಭೂಮಿ ಯಾರಿಗೆ ಹಂಚಿದರು, ಎಲ್ಲ ಇತ್ತು. ಅವು ಸುಳ್ಳೆಂದು ನಾನು ಹೇಳಲಾರೆ. ಜೈಲು ಎಂಬ ಮಾತು ಒಂದು ಕಡೆ ಬಂದಿತ್ತು, 'ವಿರೋಧಿಗಳ ಆರೋಪ' ಎಂದು.

"ಇದು ಲೋಕದ ಜನವೆಲ್ಲ ಸೇರಿ ತಿದ್ದುವ ಪುಸ್ತಕ ಮಾಮ. ಅಂಥದ್ದು ನಡೆದಿದ್ದರೆ ಯಾರಾದರೂ ಬರೀತಿದ್ದರು."

"ಬರೆಯುವವರನ್ನೇ ಕೊಂಡುಹೋಗಿದ್ದರೆ?"

"ನಿಮ್ಮ ಅಂಗಡಿಗೆ ಬಂದವ ಹೇಳಿದ್ದೆಲ್ಲ ನಂಬ್ತೀರಾ? ಹಾಗಾದರೆ ನಿಮಗೆ ಲಾಭ ಆದ ಹಾಗೇ!" ಎಂದು ನಕ್ಕ. ಆಮೇಲೆ ಮೆಲ್ಲಗೆ, "ಉಪ್ಪ ಎಲ್ಲೋ ಇರಬಹುದು," ಎಂದ. ತಂದೆ ಬದುಕಿರಲಿ ಎಂಬ ಅವನ ಆಸೆ ಆಗ ನನಗೆ ಅರ್ಥವಾಯಿತು.

ಆದರೂ ಪರೀಕ್ಷೆಗೆಂದು ಅವನೇ ಆ ಪುಟದಲ್ಲಿ ಒಂದು ವಾಕ್ಯ ಸೇರಿಸಿದ: ಏಡನ್ನಿನ ಜೈಲಿನಲ್ಲಿ ಪಾಣೆಮಂಗಳೂರಿನ ವ್ಯಾಪಾರಿಯೊಬ್ಬರು ತೀರಿಕೊಂಡರು. ಮರುವಾರ ಅದು ಇರಲಿಲ್ಲ. ಆಧಾರವೇನು ಎಂದು ಯಾರೋ ಕೇಳಿದ್ದರು. ಉನೈಸ್ ಝುಬೈರನ ಹೆಸರು, ಊರು ಬರೆದ. ಅದನ್ನೂ ತೆಗೆದರು. ಒಬ್ಬ ಮುದುಕನ ಬಾಯಿಮಾತು ಆಧಾರವಲ್ಲ, ಅಚ್ಚಾದ ಪುಸ್ತಕ ಬೇಕು ಎಂದರು. ನಿಯಮ ಸರಿಯೇ ಇರಬಹುದು. ಆದರೆ ಅದೇ ಪುಟದಲ್ಲಿ ಆ ಸರಕಾರದ ಸ್ವಂತ ಪತ್ರಿಕೆಯ ಮಾತುಗಳು ಆಧಾರವೆಂದು ನಿಂತಿದ್ದವು. ಮತ್ತೊಮ್ಮೆ ಹೋದಾಗ ಜೈಲು ಎಂಬ ಮಾತೂ ಹೋಗಿ, ಅಲ್ಲಿ 'ಭದ್ರತಾ ಕ್ರಮ' ಎಂದಿತ್ತು. ಹೋದ ಹಾಗೆಲ್ಲ ಪುಟ ನುಣುಪಾಗುತ್ತಿತ್ತು. ಉನೈಸ್ ಪರದೆಯನ್ನು ನೋಡುತ್ತಲೇ ಕೂತ. "ಅಳಿಸಿದವರಿಗೆ ನಮ್ಮ ಮೇಲೆ ಸಿಟ್ಟೂ ಇಲ್ಲ ಮಾಮ," ಎಂದ. "ನಮ್ಮನ್ನು ಅವರು ನೋಡಿಯೇ ಇಲ್ಲ."

ಖತೀಬರನ್ನು ಕರೆದುಕೊಂಡು ಬೆಳ್ತಂಗಡಿಗೆ ಹೋಗುವ ಎಂದು ಅವನೇ ಹೇಳಿದ. ಬೀಯಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು.

ಝುಬೈರನ ಮನೆಯ ಕಿಟಕಿಗಳೆಲ್ಲ ಹಗಲಲ್ಲೇ ಮುಚ್ಚಿದ್ದವು. ಅವನ ಮಗಳು ಸೈನಬ ಬಾಗಿಲಲ್ಲೇ ಉನೈಸನನ್ನು ತಡೆದಳು. "ಇಂಟರ್ನೆಟ್ಟಿನಲ್ಲಿ ಬಾಪನ ಹೆಸರು ಹಾಕಿದ ಮಾಸ್ಟರ್ ನೀವೇಯಾ? ಯಾರೋ ಓದಿ ಬಂದು ಹೇಳಿದರು, ಮತ್ತೆ ಅಳಿಸಿದ್ದನ್ನೂ ಹೇಳಿದರು. ಅಂದಿನಿಂದ ಅನ್ನ ಬಿಟ್ಟಿದ್ದಾರೆ."

ಒಳಗೆ ಝುಬೈರ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಖತೀಬರು ಸಲಾಂ ಹೇಳಿದರು. ಅವನು ಎದ್ದು ಕೂತು ಕೈಮುಗಿದುಬಿಟ್ಟ. ಹಾಗೆ ಕೈಮುಗಿಯುವುದು ನಮ್ಮ ರೂಢಿಯಲ್ಲ. ಎಲ್ಲಿ ಕಲಿತನೋ.

"ನಾನು ಯಾರನ್ನೂ ಕಂಡಿಲ್ಲ. ಅಲ್ಲಿ ಜೈಲೇ ಇರಲಿಲ್ಲ."

"ಆ ಸರಕಾರ ಹೋಗಿ ಎಷ್ಟೋ ವರ್ಷ ಆಯಿತು ಮಾರಾಯ," ಎಂದೆ.

"ಹೋದವರು ಹಾಗಾದರೆ ಓದುವುದು ಯಾಕೆ? ಅಳಿಸುವುದು ಯಾಕೆ?" "ಅವರು ಇದ್ದಾರೆ. ನಿಮಗೆ ಗೊತ್ತಿಲ್ಲ."

ಇದ್ದ ಒಬ್ಬ ಸಾಕ್ಷಿಯೂ ಆ ಪುಟದ ಹಾಗೆ ಬರಿದಾದನೆಂದುಕೊಂಡು ಖತೀಬರು ಹೊರಡಲು ಎದ್ದರು.

ಆಗ ಬೀಯಮ್ಮ ಬಾಗಿಲ ಮರೆಯಿಂದ ಮಾತಾಡಿದಳು. ಅವಳು ಜೈಲಿನ ಮಾತು ಎತ್ತಲಿಲ್ಲ, ಸರಕಾರದ ಮಾತೂ ಎತ್ತಲಿಲ್ಲ.

"ಕಾಕ, ಕಡೆಗಾಲದಲ್ಲಿ ಅವರ ಮುಖ ಕಿಬ್ಲಾದ ಕಡೆಗೆ ತಿರುಗಿಸಿದ್ದು ಯಾರು? ಬಾಯಿಗೆ ನೀರು ಬಿಟ್ಟದ್ದು ಯಾರು?"

ಸಾಯುವವನ ಮುಖ ನಮಾಝಿನ ದಿಕ್ಕಿಗೆ ತಿರುಗಿಸಿ ನೀರು ಬಿಡುವುದನ್ನು ಹತ್ತಿರದವರು ಮಾಡಬೇಕು. ಮಾಡಿದವನು ಅದನ್ನು ಇಲ್ಲವೆನ್ನಬಾರದು. ಝುಬೈರ್ ತನ್ನ ಬಲಗೈಯನ್ನೇ ನೋಡಿಕೊಂಡ. ಮತ್ತೆ ಅದನ್ನು ಎದೆಯ ಮೇಲಿಟ್ಟ.

"ನಾನು, ತಂಗಿ. ಕಲಿಮ ನಾನೇ ಹೇಳಿಕೊಟ್ಟೆ. ಹೇಳಿದ. ಹೇಳಿಯೇ ಹೋದ." ಮತ್ತೆ ಉನೈಸನ ಕಡೆ ತಿರುಗಿ, "ಮಗಾ, ಇದನ್ನು ಎಲ್ಲಿಯೂ ಬರೀಬೇಡ," ಎಂದು ಅತ್ತ.

"ಇಲ್ಲ," ಎಂದ ಉನೈಸ್. ಮತ್ತೆ ಖತೀಬರಿಗೆ, "ನಮಾಝಿಗೆ ನಾನು ಒಪ್ಪಿದ್ದೇನೆ ಉಸ್ತಾದ್."

ಬರುವ ದಾರಿಯುದ್ದಕ್ಕೂ ಬೀಯಮ್ಮ ಅಳಲಿಲ್ಲ. ಮನೆಗೆ ಬಂದು ಬಿಳಿ ಬಟ್ಟೆ ಉಟ್ಟಳು. ಶುಕ್ರವಾರ ಜುಮಾದ ನಂತರ, ಎದುರಿಗೆ ಶವವಿಲ್ಲದ ಮಸೀದಿಯಲ್ಲಿ ನಾವು ಸಾಲು ನಿಂತೆವು. ಮುಂದಿನ ಸಾಲಿನಲ್ಲಿ ಉನೈಸ್ ನಿಂತಿದ್ದ. ಏಡನ್ನಿನ ಪುಟ ಹಾಗೆಯೇ ಇದೆ. ಮಕ್ಕಳು ಅದನ್ನು ಓದಿ ಪಾಠ ಬರೆಯುತ್ತಾರೆ.

ಅಲ್ಲಾಹನೇ, ನಿನ್ನ ದಾಸ ನಿಝಾಮುದ್ದೀನನನ್ನು ಎಲ್ಲಿ ಹೂತರೆಂದು ನಮಗೆ ತಿಳಿಯದು. ನೀನು ಬಲ್ಲೆ. ಆ ಮಣ್ಣು ಅವನಿಗೆ ಹಗುರವಾಗಲಿ. ಅವನ ಗೋರಿಯನ್ನು ಅಗಲ ಮಾಡು, ಬೆಳಕು ಮಾಡು. ಅವನೊಡನೆ ಅಲ್ಲಿ ಮಲಗಿರುವ, ನಾವು ಹೆಸರು ಅರಿಯದವರಿಗೂ ಶಾಂತಿ ಕೊಡು. ಆಮೀನ್.