ತೊಳೆಯದ ಜಾಡಿ

ಗಂಡನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ನೀರು ಎಂದಿನಂತೆ ಬಂತು. ಕೆಟಲ್ ತುಂಬಿಸಿ ಚಹಾ ಮಾಡಿಕೊಂಡು ಕುಡಿದೆ. ರುಚಿ ತಿಳಿಯಲಿಲ್ಲ. ನಾಲ್ಕು ದಿನದಿಂದ ಯಾವುದರ ರುಚಿಯೂ ತಿಳಿದಿರಲಿಲ್ಲ.

ಎದುರು ಮನೆಯ ಯಿನ್‌ಜೂ ಅತ್ತೆ ತನ್ನ ಬಾಗಿಲಲ್ಲೇ ನಿಂತು ಕೂಗಿದಳು.

"ವೆನ್‌ಲಿನ್, ಎದ್ದಿದ್ದೀಯೇನೆ? ಇವತ್ತು ಕೇಳಬಾರದು, ನಂಗೊತ್ತು. ನಿನ್ನ ಗಂಡ ನನ್ನ ಮದ್ಯದ ಜಾಡಿ ಒಯ್ದಿದ್ದ. ಅಕ್ಕಿ ನೆನೆಹಾಕಿಬಿಟ್ಟಿದ್ದೀನಿ ಕಣೆ."

ಸಂಜೆಯೊಳಗೆ ತಂದುಕೊಡುತ್ತೇನೆ ಎಂದೆ. ಅವಳ ಸೊಸೆ ಚುನ್‌ಶ್ಯಾ ತುಂಬು ಬಸುರಿ. ಹೆತ್ತವಳಿಗೆ ತಿಂಗಳಿಡೀ ಅಕ್ಕಿಮದ್ಯದಲ್ಲಿ ಬೇಯಿಸಿದ ಕೋಳಿ ಕೊಡಬೇಕು. ಮದ್ಯ ಈಗ ಹಾಕಿದರಷ್ಟೇ ಹೊತ್ತಿಗೆ ಹದಕ್ಕೆ ಬರುತ್ತದೆ.

ಜಾಡಿ ಅಡುಗೆಮನೆಯ ಹಿಂದೆ, ಸೌದೆಯ ಪಕ್ಕದಲ್ಲಿತ್ತು. ಸಾಯುವ ಹಿಂದಿನ ಸಂಜೆ ಷಾವ್‌ಕೈ ಅದನ್ನು ತಂದಾಗ, ಸಾಸಿವೆ ಸೊಪ್ಪು ಉಪ್ಪಿಗೆ ಹಾಕುತ್ತಾನೇನೋ ಅಂದುಕೊಂಡಿದ್ದೆ. ಮುಚ್ಚಳ ತೆಗೆದರೆ ಬರೀ ನೀರು. ತಿಳಿಯಾಗಿತ್ತು. ಚೆಲ್ಲೋಣವೆಂದು ವಾಲಿಸಿದಾಗ ತಳ ಕಂಡಿತು. ಕಂದು ಮೆರುಗಿನ ಮೇಲೆ ಅಕ್ಕಿ ತೊಳೆದ ನೀರು ಕೂತ ಹಾಗೆ ಬೆಳ್ಳಗಿನ ಪೊರೆ.

ಗೋಡೆಯ ಗೂಡಿನಲ್ಲಿ ಅವನು ಕೆಲಸದಿಂದ ತಂದ ಸಣ್ಣ ಬಾಟಲಿ ಇತ್ತು. ಆಕ್ಸಾಲಿಕ್ ಆಮ್ಲ.

ಮದುವೆಯಾದ ವರ್ಷ ಅವನು ಈ ಆಮ್ಲದ ಕೆಲಸ ತೋರಿಸಲೆಂದೇ ನನ್ನನ್ನು ತಾನು ದುಡಿಯುವ ಗಣಿಯ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದ. ನೆತ್ತಿಯ ತುಂಬ ತೂತು ಕೊರೆದು ಉಪ್ಪಿನ ದ್ರಾವಣ ಬಿಡುತ್ತಿದ್ದರು. ಅದು ಮಣ್ಣಿನೊಳಗೆ ಇಳಿದು, ಅದರಲ್ಲಿದ್ದ ಅಪರೂಪದ ಲೋಹವನ್ನು ಬಿಡಿಸಿಕೊಂಡು ಬುಡಕ್ಕೆ ಬರುತ್ತಿತ್ತು. ಬಂತೋ ಇಲ್ಲವೋ ತಿಳಿಯಲು ಒಂದು ಲೋಟದಲ್ಲಿ ಹಿಡಿದು ಆಮ್ಲದ ಹನಿ ಹಾಕುತ್ತಾರೆ. ಆ ದಿನ ಲೋಟ ಬೆಳ್ಳಗಾಯಿತು, ಆಳುಗಳೆಲ್ಲ ಚಪ್ಪಾಳೆ ತಟ್ಟಿದರು.

"ನೋಡು, ಗುಡ್ಡ ಹಾಲು ಕೊಡ್ತು," ಎಂದ ಷಾವ್‌ಕೈ. ಆಮೇಲೆ ಎದುರಿನ ಬೆಟ್ಟಸಾಲಿನ ಗಾಳಿಯಂತ್ರಗಳ ಕಡೆ ಕೈ ಮಾಡಿದ. ಅವುಗಳ ಆಯಸ್ಕಾಂತಕ್ಕೆ ಹೋಗುವುದು ನಮ್ಮ ಮಣ್ಣಿನದೇ ಲೋಹ. "ಗಾಳಿ ಮುಗಿಯೋದಿಲ್ಲ ಕಣೆ."

ಈ ಗುಡ್ಡ ಎಷ್ಟು ವರ್ಷ ಬರುತ್ತದೆ ಎಂದು ಕೇಳಿದೆ. ಎರಡು, ಮೂರು ಎಂದ. ಆಮೇಲೆ? ಅವನು ನಕ್ಕ. "ಮೇಡಂಗೆ ಎಲ್ಲಾದ್ರಲ್ಲೂ ತಪ್ಪು ಹುಡುಕೋದೇ ಕೆಲಸ. ಇನ್ನೊಂದು ಗುಡ್ಡ ಇಲ್ವಾ?"

ನಾನು ಓದಿದ್ದು ರಸಾಯನಶಾಸ್ತ್ರ, ಪೇಟೆಯ ಶಾಲೆಯಲ್ಲಿ ಕಲಿಸುವುದೂ ಅದನ್ನೇ. ನೀರಿನಲ್ಲಿ ಸುಣ್ಣವಿದ್ದರೂ ಹೀಗೇ ಬೆಳ್ಳಗಾಗುತ್ತದೆಂದು ಗೊತ್ತು. ಸುಣ್ಣವೇ ಇರಲಿ ಎಂದು ಮನಸ್ಸು ಬೇಡುತ್ತಿತ್ತು. ನಮ್ಮ ಓಣಿಯ ನಲ್ಲಿಗಳಿಗೆ ನೀರು ಬರುವುದು ಆ ಗುಡ್ಡದ ಬುಡದ ಒರತೆಯಿಂದ. ಹಿರಿಯರ ಗುಡಿಯ ಹಿಂದೆ ಇನ್ನೊಂದು ಗುಡ್ಡವಿದೆ, ಅದರದೂ ಒಂದು ಒರತೆ. ಅಲ್ಲಿಗೆ ಹೋಗಿ ಒಂದು ಬಟ್ಟಲು ನೀರು ತಂದೆ. ಇನ್ನೊಂದು ಬಟ್ಟಲಿಗೆ ನಲ್ಲಿ ನೀರು ಹಿಡಿದೆ. ಎರಡಕ್ಕೂ ಹನಿ ಹಾಕಿ ಕಿಟಕಿಯ ಬಳಿ ಇಟ್ಟು ಕೂತೆ.

ಎದುರು ಮನೆಯ ಚಿಮಣಿಯಲ್ಲಿ ಹೊಗೆ ಏಳತೊಡಗಿತು. ಅತ್ತೆ ಉಗಿಪಾತ್ರೆಗೆ ನೀರು ಇಟ್ಟಿದ್ದಾಳೆ. ಎದ್ದು ಓಡಬೇಕೆನಿಸಿತು. ಆದರೆ ಏನೆಂದು ಹೇಳಲಿ? ನನ್ನ ಕೂದಲಲ್ಲಿ ಸೂತಕದ ಬಿಳಿ ಉಣ್ಣೆಯ ಹೂವಿದೆ. ಅದನ್ನು ತೆಗೆಯುವವರೆಗೆ ಬೇರೆಯವರ ಹೊಸಿಲು ದಾಟುವಂತಿಲ್ಲ, ಬಸುರಿ ಇರುವ ಮನೆಯದಂತೂ ಇಲ್ಲವೇ ಇಲ್ಲ. ಸಾವಿನ ಮನೆಯವಳು ಬಂದು ನಿಮ್ಮ ನೀರು ಕೆಟ್ಟಿದೆ ಎಂದರೆ ಅದು ಶಾಪದಂತೆ ಕೇಳಿಸುತ್ತದೆ.

ಅಷ್ಟರಲ್ಲಿ ಗಣಿಯ ಲ್ಯಾವ್ ಮೇಸ್ತ್ರಿ ಷಾವ್‌ಕೈಯ ಹೆಲ್ಮೆಟ್ಟು, ಬೂಟು ಹಿಡಿದು ಬಂದ. ಬೂಟಿನ ಮಣ್ಣನ್ನು ಯಾರೋ ಚೆನ್ನಾಗಿ ತೊಳೆದಿದ್ದರು. ಚಹಾ ಕೊಟ್ಟೆ. ಷಾವ್‌ಕೈಯ ಮೇಲೆ ಗುಡ್ಡ ಜಾರಿದ್ದನ್ನು ಮೇಸ್ತ್ರಿ ಇನ್ನೊಮ್ಮೆ ಹೇಳಿದ. ಮಳೆ, ಒಳಗೆ ಮೊದಲೇ ತುಂಬಿಕೊಂಡಿದ್ದ ದ್ರಾವಣ. ಹೊಸ ವರ್ಷ ಕಳೆದ ಮೇಲೆ ಗುಡಿಯ ಹಿಂದಿನ ಗುಡ್ಡವನ್ನೂ ಕೊರೆಯುವುದಿದೆಯಂತೆ, ಅದರ ಉಸ್ತುವಾರಿ ಷಾವ್‌ಕೈಗೇ ಬರುವುದಿತ್ತಂತೆ.

"ಒಂದು ಮಾತ್ರ ಅರ್ಥ ಆಗ್ಲಿಲ್ಲಮ್ಮ. ಆ ಬೆಳಿಗ್ಗೆ ಅವನ ಪಾಳಿ ಇರ್ಲಿಲ್ಲ. ದ್ರಾವಣ ಬಿಡೋ ಮೇಲಿನ ಕವಾಟದ ಹತ್ರ ಸಿಕ್ಕಿದ. ಮುಚ್ಚಿಬಿಟ್ಟಿದ್ದ ಅದನ್ನ."

ಅವನ ಕಣ್ಣು ಕಿಟಕಿಯ ಕಡೆ ಹೋಯಿತು. ನಾನೂ ನೋಡಿದೆ. ಗುಡಿಯ ಒರತೆಯ ಬಟ್ಟಲಿನ ತಳದಲ್ಲಿ ಬರೆದ ನೀಲಿ ಮೀನು ಸ್ಪಷ್ಟವಾಗಿ ಕಾಣುತ್ತಿತ್ತು. ನಲ್ಲಿಯ ಬಟ್ಟಲಲ್ಲಿ ಮೀನು ಮಂಜಿನೊಳಗಿತ್ತು.

"ಸುಣ್ಣ ಇದ್ರೂ ಹಾಗಾಗುತ್ತೆ," ಎಂದ ಮೆಲ್ಲಗೆ.

"ಎರಡೂ ಒಂದೇ ಕಲ್ಲಿನ ಗುಡ್ಡ. ಸುಣ್ಣ ಒಂದರಲ್ಲೇ ಇರುತ್ತಾ?"

ಪರೀಕ್ಷೆಗೆ ಕಳಿಸೋಣ, ಅಲ್ಲಿಯವರೆಗೆ ಓಣಿಯಲ್ಲಿ ಹೇಳಬೇಡ, ಜನ ಗಾಬರಿಯಾಗುತ್ತಾರೆ ಎಂದ. ಆಮೇಲೆ ಬೆಟ್ಟಸಾಲಿನ ಗಾಳಿಯಂತ್ರಗಳ ಕಡೆ ತಿರುಗಿದ. "ನಮ್ಮಪ್ಪ ಕಲ್ಲಿದ್ದಲು ಗಣೀಲಿ ಕೆಮ್ಮಿ ಕೆಮ್ಮಿ ಹೋದ. ಅವು ನಿಂತ್ರೆ ಮತ್ತೆ ಅದೇ ಗತಿ. ನೀನು ಓದಿದೋಳು, ನೀನೇ ಹೇಳು, ಏನು ಮಾಡ್ಬೇಕು?"

ಅವನು ಹೋದ ಮೇಲೆ ನೋಡಿದರೆ ಚಹಾದ ಲೋಟ ತುಂಬಿದಂತೆಯೇ ಇತ್ತು.

ಜಾಡಿಯ ನೀರನ್ನು ನಿಧಾನವಾಗಿ ಬಸಿದೆ, ತಳ ಕದಡದ ಹಾಗೆ. ಕುತ್ತಿಗೆಗೆ ಕೆಂಪು ಕಾಗದದ ಪಟ್ಟಿ ಸುತ್ತಿದೆ, ಸಾವಿನ ಮನೆಯಿಂದ ಹೋಗುವ ವಸ್ತುವಿಗೆ ಸುತ್ತಲೇಬೇಕು. ಓಣಿ ದಾಟಿ ಅತ್ತೆಯ ಹೊಸಿಲ ಹೊರಗೆ ನಿಂತೆ. ಒಳಗೆ ಬೆಂದ ಅಕ್ಕಿಯ ವಾಸನೆ. ಚುನ್‌ಶ್ಯಾ ಅನ್ನವನ್ನು ಬಿದಿರಿನ ಮೊರದಲ್ಲಿ ಹರಡುತ್ತಿದ್ದಳು. ಆರಿದ ಮೇಲೆ ಅದಕ್ಕೆ ನೀರು ಬೀಳಬೇಕು. ಬಕೆಟ್ ತುಂಬಿ ಪಕ್ಕದಲ್ಲೇ ಕಾಯುತ್ತಿತ್ತು. ನನ್ನನ್ನು ಕಂಡು ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದಳು.

ಅತ್ತೆ ಬಂದು ಜಾಡಿಗೆ ಕೈ ಚಾಚಿದಳು, ಒಳಗೆ ನೋಡಿ ಮುಖ ಗಂಟಿಕ್ಕಿದಳು.

"ತೊಳೆದೂ ಇಲ್ವಲ್ಲೇ ನೀನು."

"ತೊಳೆದಿದ್ರೆ ನಿಮಗೆ ಕಾಣ್ತಿರ್ಲಿಲ್ಲ ಅತ್ತೆ. ಇದು ನಲ್ಲಿ ನೀರು. ಷಾವ್‌ಕೈ ಹಿಡಿದು ಆಮ್ಲ ಹಾಕಿಟ್ಟಿದ್ದ."

ಅವಳ ಮಗನೂ ಗುಡ್ಡದಲ್ಲಿ ದುಡಿಯುವವನೇ. ಆ ಬಿಳುಪು ಏನೆಂದು ಅವಳಿಗೆ ಹೇಳಬೇಕಾಗಲಿಲ್ಲ. ಜಾಡಿಯ ಒಂದು ಕಿವಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಇಷ್ಟು ದಿನ ಕುಡಿದದ್ದರಿಂದ ಏನಾಗುತ್ತದೆ ಎಂದು ಅವಳು ಕೇಳುತ್ತಾಳೆಂದು ಹೆದರಿದ್ದೆ. ಕೇಳಲಿಲ್ಲ.

"ಚುನ್‌ಶ್ಯಾ, ಆ ಬಕೆಟ್ ಮುಟ್ಟಬೇಡ," ಎಂದಳು, ತಿರುಗಿ ನೋಡದೆ. ಆಮೇಲೆ ನನಗೆ, "ಗುಡಿ ಹಿಂದಿಂದು?"

"ಈಗ ಚೆನ್ನಾಗಿದೆ."

"ಈಗ," ಎಂದಳು ಅತ್ತೆ, ಜಾಡಿಯನ್ನು ತನ್ನ ಕಡೆ ಎಳೆದುಕೊಂಡಳು. ನಾನು ಕೈ ಬಿಟ್ಟೆ.